ಬಚ್ಚಿಟ್ಟ ಭರಣಿ

ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದರೆ ಹುಳಿ ಹಿಡಿದ ಮೂಲಂಗಿಯ ವಾಸನೆ. ಭರಣಿಯ ಅಂಚಿನ ನೀರು ಆರಿಹೋಗಿತ್ತು. ಈ ಭರಣಿಯ ಬಾಯಿಯ ಸುತ್ತ ತಗ್ಗಾದ ಅಂಚಿದೆ. ಅದಕ್ಕೆ ನೀರು ತುಂಬಿ ಮುಚ್ಚಳ ಕೂರಿಸಬೇಕು. ಒಳಗಿನ ಗಾಳಿ ಗುಳುಕ್ ಎಂದು ಹೊರಬರುತ್ತದೆ, ವಾಸನೆ ಅಲ್ಲೇ ನಿಲ್ಲುತ್ತದೆ. ನೀರು ಆರಿದರೆ ಮನೆಯೆಲ್ಲ ನಾತ. ಮೂಗು ಮುಚ್ಚಿಕೊಳ್ಳುವುದು ಬಿಟ್ಟು ನಾನು ಭರಣಿಯ ಒಡತಿಯನ್ನು ನೆನೆದೆ...

ಆಕೆ ಪರದೇಶದ ಈ ಬ್ಯಾಲಂಟೈನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವಳು, ಚೀನಾದವಳು. ಕೊರೊನಾ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಮನೆ ಹಿಂದಿನ ಪ್ಯಾಟಿಯೋ ಕಟ್ಟೆಯ ಬೇಲಿಯಾಚೆಯಿಂದ ನನ್ನ ಕರಿಬೇವಿನ ಕುಂಡ ನೋಡಿ ಮಾತಿಗೆ ನಿಂತಳು. ನಾನು ನಿಂಬೆ ಉಪ್ಪಿನಕಾಯಿ ಕೊಟ್ಟೆ, ಆಕೆ ಮೂಲಂಗಿಯದು ಕೊಟ್ಟಳು. ಯಾವ ಊರು ಎಂದರೆ ‘ಶಾಂಘೈ’ ಎನ್ನುತ್ತಿದ್ದಳು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇಲ್ಲೇ ಹುಟ್ಟಿದ ಮಗಳಿಗೂ ಅಷ್ಟೇ ಹೇಳಿದ್ದಳು.

ಆದರೆ ಕೊರೊನಾ ತಗ್ಗಿದ ಮೇಲೆ, ಆಕೆಯ ಶಾಂಘೈ ಗೆಳತಿಯರು ಊಟಕ್ಕೆ ಬರುವ ದಿನ ಆ ಮೂಲಂಗಿಯ ಭರಣಿ ಟವೆಲ್ ಸುತ್ತಿಕೊಂಡು ನಮ್ಮ ಮನೆಗೆ ಬರುತ್ತಿತ್ತು.

“ಏನ್ರೀ, ಇವತ್ತೂ ಗಡೀಪಾರಾ?” ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ರೇಗಿಸುತ್ತಿದ್ದೆ. ಆಕೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದಳು. ಮಧ್ಯಾಹ್ನವೆಲ್ಲ ನೆಲದ ಮೇಲೆ ಬಿಸಿಲು ನಿಧಾನವಾಗಿ ಸರಿಯುತ್ತಿತ್ತು. ನಾನು ಸೋಫಾದಲ್ಲಿ ತೂಕಡಿಸುತ್ತಿದ್ದರೆ ಮೂಲೆಯಿಂದ ಗುಳುಕ್, ಗುಳುಕ್... ಯಾರೋ ನಿದ್ದೆಯಲ್ಲಿ ಮಾತಾಡಿಕೊಂಡಂತೆ.

ಒಂದು ಸಂಜೆ ತಾಯಿ ಮಗಳು ಭರಣಿ ಒಯ್ಯಲು ಬಂದರು. ಹೈಸ್ಕೂಲು ಹುಡುಗಿ, ಫೋನಿನಲ್ಲೇ ಚೀನೀ ಭಾಷೆ ಕಲಿಯುತ್ತಿದ್ದಳು. “ಆಂಟಿ, ಇದು ನೋಡಿ, ಸೋ ಫನ್ನಿ,” ಎಂದು ಒಂದು ಚಿತ್ರ ತೋರಿಸಿದಳು. ಬೆನ್ನಿಗೆ ಗಂಟುಮೂಟೆ ಕಟ್ಟಿಕೊಂಡ ಮಿಡತೆಗಳು ಟ್ರೇನಿನಿಂದ ಇಳಿಯುತ್ತಿದ್ದವು. ಹಳ್ಳಿಯಿಂದ ಕೂಲಿಗೆ ಬರುವವರನ್ನು ಶಾಂಘೈನ ಕೆಲವರು ಆನ್‌ಲೈನಿನಲ್ಲಿ ಹಾಗೆ ಕರೆಯುತ್ತಾರಂತೆ. “ನಾವು ಶಾಂಘೈನವರಲ್ವಾ, ನಾನೂ ಶೇರ್ ಮಾಡಿದೆ.”

ತಾಯಿ ಎತ್ತಿದ ಭರಣಿಯನ್ನು ಮತ್ತೆ ಕೆಳಗಿಟ್ಟಳು. ನನಗೂ ತಿಳಿಯಲೆಂದೋ ಏನೋ, ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಹುಡುಕಿ ಹೇಳಿದಳು: “ಆ ಟ್ರೇನಲ್ಲಿ ನಾನೂ ಬಂದವಳು. ಸಲೂನಲ್ಲಿ ಶಾಂಘೈನವರ ತಲೆ ತೊಳೀತಿದ್ದೆ, ಅಲ್ಲೇ ನೆಲದ ಮೇಲೆ ಮಲಗ್ತಿದ್ದೆ. ಬೆನ್ನ ಮೇಲೆ ಈ ಭರಣಿ ಇತ್ತು. ನಿನ್ನ ಅಜ್ಜಿ ಕೊಟ್ಟಿದ್ದು.”

“ಯಾಕೆ ಹೇಳ್ಲಿಲ್ಲ?”

“ನೀನೂ ನಗ್ತೀಯ ಅಂತ.”

ಹುಡುಗಿ ಮುಖ ತಿರುಗಿಸಿ ಹೊರಟುಹೋದಳು. ಮಗಳ ಕಣ್ಣಲ್ಲಿ ಸಣ್ಣವಳಾಗಬಾರದೆಂದು ಇಷ್ಟು ವರ್ಷ ಬಾಯಿ ಕಟ್ಟಿಕೊಂಡವಳು, ಈಗ ಖಾಲಿ ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಮುಂದಿನ ಸಲ ಅವರ ಬಾಗಿಲಲ್ಲಿ ಅತಿಥಿಗಳ ಚಪ್ಪಲಿ ಕಂಡವು, ಭರಣಿ ಮಾತ್ರ ನಮ್ಮ ಮನೆಗೆ ಬರಲಿಲ್ಲ. ತಡೆಯಲಾರದೆ ಒಂದು ಬಟ್ಟಲು ಕೋಸಂಬರಿಯ ನೆಪ ಮಾಡಿಕೊಂಡು ಹೋದೆ. ಭರಣಿ ಊಟದ ಮೇಜಿನ ನಡುವೆ ಕೂತಿತ್ತು. ಹುಡುಗಿ ಒಬ್ಬೊಬ್ಬರ ತಟ್ಟೆಗೂ ಮೂಲಂಗಿ ಬಡಿಸುತ್ತಿದ್ದಳು. “ನಮ್ಮಜ್ಜಿ ಹಳ್ಳೀದು, ಆಂಟಿ,” ಎಂದು ನನಗೂ ಹೇಳಿದಳು. ಒಬ್ಬಾಕೆ ಮೂಗು ಮುರಿದಳು, ಇನ್ನೊಬ್ಬಾಕೆ ಮತ್ತೊಮ್ಮೆ ಹಾಕಿಸಿಕೊಂಡಳು. ತಾಯಿ ಅವರಿಬ್ಬರನ್ನೂ ನೋಡುತ್ತಿರಲಿಲ್ಲ, ಮಗಳನ್ನೇ ನೋಡುತ್ತಿದ್ದಳು.

ಹೋದ ವರ್ಷ ಕ್ಯಾನ್ಸರ್ ಆಕೆಯನ್ನು ಕರೆದೊಯ್ದಿತು. ರಾಲಿ ಊರಿನ ಕಾಲೇಜಿಗೆ ಓದಲು ಹೊರಟ ಮಗಳು ಅದೇ ಟವೆಲಿನಲ್ಲಿ ಭರಣಿ ಸುತ್ತಿ ತಂದಳು. ಹಾಸ್ಟೆಲ್ ಕೋಣೆಯಲ್ಲಿ ಜಾಗವಿಲ್ಲ, ನೀರು ಆರದ ಹಾಗೆ ನೋಡಿಕೊಳ್ಳಿ ಎಂದಳು. ನಾನೋ, ಅದನ್ನು ಆರಲು ಬಿಟ್ಟಿದ್ದೆ...

ಇವತ್ತು ಸಂಜೆ ನಮ್ಮ ಕನ್ನಡದವರು ಊಟಕ್ಕೆ ಬರುತ್ತಾರೆ. “ಏನೇ ಇದು ಸ್ಮೆಲ್ಲು? ಜನ ಬರೋಷ್ಟರಲ್ಲಿ ಪ್ಯಾಟಿಯೋಗೆ ಶಿಫ್ಟ್ ಮಾಡ್ಲಾ?” ಎಂದರು ಇವರು.

“ಮುಟ್ಟಿದ್ರೆ ನೋಡಿ,” ಎಂದೆ.

ಭರಣಿಯನ್ನು ಎತ್ತಿ ಊಟದ ಮೇಜಿನ ಮೇಲಿಟ್ಟು ಅಂಚಿಗೆ ನೀರು ಹುಯ್ದೆ. ಭರಣಿ ಗುಳುಕ್ ಎಂದಿತು. ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆದರೂ ಒಂದು ಕ್ಷಣ ಗೋಡೆ ತಟ್ಟಿ ಆಕೆಗೆ ಹೇಳಬೇಕೆನಿಸಿತು, ಭರಣಿ ಮೇಜಿನ ಮೇಲೇ ಇದೆ ಎಂದು.