ವ್ಯಾನಿನ ಹಿಂದಿನ ಟೈರುಗಳು

ಮಗಳ ಶಾಲೆಯ ವ್ಯಾನು ಜಾರಿದ ವಿಷಯ ನನಗೆ ಗೊತ್ತಾದದ್ದು ಅವಳು ಸಂಜೆ ಅದನ್ನು ಸೋಫಾದ ಮೇಲೆ ನಟಿಸಿ ತೋರಿಸಿದಾಗ. ಸಣ್ಣಗೆ ಮಳೆ ಬಂದಿತ್ತಂತೆ. ಟಿನ್ ಫ್ಯಾಕ್ಟರಿ ಹತ್ತಿರ ತಿರುಗುವಾಗ ಡ್ರೈವರ್ ಬ್ರೇಕ್ ಹಾಕಿದ್ದಾರೆ, ವ್ಯಾನಿನ ಹಿಂಭಾಗ ಪಕ್ಕಕ್ಕೆ ಎಳೆದುಕೊಂಡು ಹೋಗಿದೆ, ಮಕ್ಕಳೆಲ್ಲ ಹೋ ಎಂದಿದ್ದಾರೆ. ಯಾರಿಗೂ ಏನೂ ಆಗಿರಲಿಲ್ಲ. ಮಜಾ ಬಂತು ಎಂದಳು.

ಮರುದಿನ ಹೊರಮಾವಿನ ನಮ್ಮ ಗೇಟಿಗೆ ವ್ಯಾನು ಬಂದಾಗ ನಾನು ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಟೈರಿನ ಗೀರುಗಳು ಆಳವಾಗಿಯೇ ಇದ್ದವು. ಅಷ್ಟು ಆಳವಾಗಿದ್ದದ್ದೇ ನನಗೆ ಸರಿ ಕಾಣಲಿಲ್ಲ. ಪಕ್ಕದ ರಬ್ಬರು ಬಿರುಕು ಬಿಟ್ಟು ಬೂದುಬಣ್ಣಕ್ಕೆ ತಿರುಗಿತ್ತು. ನಡುವಿನ ಗೀರುಗಳು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು.

ನನ್ನ ಅಪ್ಪ ಗದಗದ ಬಸ್ ಡಿಪೋದಲ್ಲಿ ಟೈರ್ ವಿಭಾಗದಲ್ಲಿದ್ದರು. ಸವೆದ ಟೈರಿಗೆ ಬಿಸಿ ಬ್ಲೇಡಿನಿಂದ ಹೊಸ ಗೀರು ಕೊರೆದು ಮಾರುವವರನ್ನು ಊಟಕ್ಕೆ ಕೂತಾಗಲೂ ಬೈಯುತ್ತಿದ್ದರು. ಗೀರಿನ ತಳದಲ್ಲಿ ಅಲ್ಲಲ್ಲಿ ರಬ್ಬರಿನ ಸಣ್ಣ ದಿಣ್ಣೆಗಳಿರುತ್ತವೆ, ಟೈರು ಆ ಮಟ್ಟಕ್ಕೆ ಸವೆದರೆ ತೆಗೆದುಹಾಕಬೇಕು. ಕೊರೆಯುವವರ ಬ್ಲೇಡಿಗೆ ಆ ದಿಣ್ಣೆಯೂ ಹೋಗುತ್ತದೆ. 'ಬರೇ ನೋಡಿದ್ರ ಗೊತ್ತಾಗಂಗಿಲ್ಲವ್ವಾ, ಬಳ್ಳು ಹಾಕಬೇಕು' ಎನ್ನುತ್ತಿದ್ದರು. ನಾನು ಬೆರಳು ಹಾಕಿದೆ. ದಿಣ್ಣೆ ಎಲ್ಲೂ ಸಿಗಲಿಲ್ಲ.

ಡ್ರೈವರ್ ಇಳಿದು ಬಂದರು. ಹಲಸೂರಿನವರು, ಮಕ್ಕಳನ್ನು ಎಂದೂ ಗದರದ ಮನುಷ್ಯ. ಅವರ ಮಗಳೂ ಜೀವನ್ ಬಿಮಾ ನಗರದ ಅದೇ ಶಾಲೆಗೆ ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ಹೋಗುತ್ತಿದ್ದಳು. ಟೈರು ಎಲ್ಲಿ ಹಾಕಿಸಿದಿರಿ ಎಂದು ಕೇಳಿದೆ. ಶಿವಾಜಿನಗರದಲ್ಲಿ, ಗೊತ್ತಿರುವ ಅಂಗಡಿ ಎಂದರು. ಹೊಸದಾ ಎಂದೆ. ಜಾಸ್ತಿ ಓಡಿರದ ಟೈರು ಎಂದರು. ಉತ್ತರ ತುಸು ತಡವಾಗಿ ಬಂತು, ಅಥವಾ ನನಗೆ ಹಾಗೆನಿಸಿತು.

ಅಂದಿನಿಂದ ಮಗಳನ್ನು ಆಟೋದಲ್ಲಿ ಬಿಡತೊಡಗಿದೆ. ಉಳಿದ ಪೋಷಕರಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಸುಮ್ಮನೆ ಅನುಮಾನ ಪಡಬೇಡಿ ಎಂದರು ಕೆಲವರು. ಗ್ರಿಪ್ ಚೆನ್ನಾಗೇ ಇದೆಯಲ್ಲ ಎಂದರು ಒಬ್ಬರು. ಕೊನೆಗೆ ಡ್ರೈವರಿಗೇ ಹೇಳಿದೆ, ಶನಿವಾರ ಆ ಅಂಗಡಿಗೆ ಒಟ್ಟಿಗೆ ಹೋಗೋಣ ಎಂದು. ಅವರು ಕೂಡಲೇ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಅಂಗಡಿಯವರು ವಯಸ್ಸಾದವರು. ನಾನು ತಕರಾರು ಹೇಳಿದ ಮೇಲೆ ಗಾಲಿ ಬಿಚ್ಚಿಸಿ, ಗಾಳಿ ತೆಗೆಸಿ, ಟೈರನ್ನು ಮಂಡಿಯಿಂದ ಒತ್ತಿದರು. ಗೀರು ಬಾಯಿ ತೆರೆಯಿತು. ತಳದಲ್ಲಿ ಟೈರಿನ ಒಳಪದರದ ದಾರದ ಎಳೆಗಳು ಕಂಡವು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಇದು ಕಟಿಂಗ್ ಮಾಲು ಮೇಡಂ. ಕೊಡೋವಾಗ್ಲೇ ಹೇಳಿದ್ದೆ, ಲಗೇಜ್ ಗಾಡಿಗೆ ಮಾತ್ರ ಅಂತ."

"ನಂಗೆ ಹೇಳಿಲ್ಲ" ಎಂದರು ಡ್ರೈವರ್.

"ಹೇಳಿದ್ದೆ ಗುರು. ಮರ್ತಿದ್ದೀಯ."

"ಹೇಳಿದ್ರೆ ನನ್ ಮಗಳನ್ನ ಕೂರಿಸ್ಕೊಂಡು ಓಡಿಸ್ತಿದ್ನಾ?"

ಅಂಗಡಿಯವರು ಭುಜ ಕುಣಿಸಿದರು. ನಾನು ಇಬ್ಬರ ಮುಖವನ್ನೂ ನೋಡಿದೆ. ಇಬ್ಬರೂ ನಿಜ ಹೇಳುವವರ ಹಾಗೇ ಕಾಣುತ್ತಿದ್ದರು. ಡ್ರೈವರ್ ಆಡಿದ ಮಗಳ ಮಾತಿಗೆ ನನ್ನ ಮನಸ್ಸು ಒಂದು ಕ್ಷಣ ಕರಗಿತು. ಆದರೆ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡೇ ಬೋಳು ಟೈರಿನ ಬಸ್ಸು ಓಡಿಸಿದವರ ಕತೆಗಳನ್ನೂ ಅಪ್ಪ ಹೇಳಿದ್ದರು. ನಿನ್ನೆ ಏನೂ ಆಗಲಿಲ್ಲ ಎಂಬ ಧೈರ್ಯ ಅವರಿಗೆ ಸಾಕಾಗುತ್ತಿತ್ತಂತೆ.

ಆ ಅಂಗಡಿಯ ಇನ್ನಾವ ಟೈರನ್ನೂ ನಾನು ನಂಬುವಂತಿರಲಿಲ್ಲ. ಬಿಚ್ಚಿದ ಟೈರನ್ನೇ ಮತ್ತೆ ಹಾಕಿಸಿಕೊಂಡು ಹಲಸೂರಿನ ಹೊಸ ಟೈರಿನ ಅಂಗಡಿಗೆ ಹೊರಟೆವು. ಮುಂದಿನ ಸೀಟಿನಲ್ಲಿ, ಅವರ ಮಗಳು ಕೂರುವ ಜಾಗದಲ್ಲಿ, ನಾನು ಕೂತಿದ್ದೆ. ಅವರು ವ್ಯಾನನ್ನು ನಡಿಗೆಯ ವೇಗದಲ್ಲಿ ಓಡಿಸಿದರು. ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಪ್ರತಿ ಹಳ್ಳಕ್ಕೂ ನನ್ನ ಕೈ ಬಾಗಿಲ ಹಿಡಿಯನ್ನು ಹಿಡಿದುಕೊಳ್ಳುತ್ತಿತ್ತು.

ಹಲಸೂರಿನಲ್ಲಿ ಹೊಸ ಟೈರಿನ ಪಕ್ಕದಲ್ಲಿ ಅಚ್ಚಾದ ತಯಾರಿಕೆಯ ವಾರ, ವರ್ಷ ಓದಿದ ಮೇಲೆಯೇ ಹಾಕಲು ಬಿಟ್ಟೆ. ಡ್ರೈವರ್ ಕೆಲಸದವರ ಹತ್ತಿರ ಬ್ಲೇಡು ಇಸಿದುಕೊಂಡು ಹಳೆಯ ಟೈರುಗಳ ಪಕ್ಕವನ್ನು ಉದ್ದಕ್ಕೆ ಸೀಳಿದರು, ಇನ್ನಾರೂ ಮಾರಬಾರದೆಂದು. ರಬ್ಬರು ಗಟ್ಟಿಯಾಗಿತ್ತು, ಬೆವರಿದರು. ಇದು ನಾನು ನೋಡಲೆಂದೇ ಇರಬಹುದೇ ಎಂದೂ ಯೋಚಿಸಿದೆ.

ಮಗಳು ಮತ್ತೆ ವ್ಯಾನು ಹತ್ತಿದಳು. ಸೋಮವಾರ ಸೋಮವಾರ ನಾನು ಟೈರು ಮುಟ್ಟಿ ನೋಡುತ್ತಿದ್ದೆ. ಅವರು ಬೇಸರ ತೋರಿಸದೆ ಪಕ್ಕಕ್ಕೆ ನಿಲ್ಲುತ್ತಿದ್ದರು. ಮೊದಲೆಲ್ಲ ಇರುತ್ತಿದ್ದ ತಿಂಡಿ ಆಯ್ತಾ, ಆಫೀಸಿಗೆ ರಜೆಯಾ ಎಂಬ ಮಾತುಗಳು ನಿಂತುಹೋಗಿದ್ದವು. ಅಂಥದೊಂದು ಬೆಳಿಗ್ಗೆ, ನಾನು ಬಲಗಡೆಯ ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಗ, ಅವರು ರಸ್ತೆಯ ಕಡೆಗೆ ನೋಡುತ್ತಲೇ ಹೇಳಿದರು:

"ಮೇಡಂ, ಆ ಅಂಗಡಿಯವ್ರು ಅವತ್ತು ಹೇಳಿದ್ರೋ ಇಲ್ವೋ, ನಂಗೇ ಈಗ ಸರಿಯಾಗಿ ನೆನಪಿಲ್ಲ. ಹೇಳಿದ್ರೂ ಕೇಳಿಸ್ಕೊಳ್ಳೋ ಮನಸ್ಸಿರ್ಲಿಲ್ವೇನೋ."

ಸರಿ ಎಂದೆ. ಎಡಗಡೆಯದನ್ನು ಇನ್ನೂ ನೋಡಿರಲಿಲ್ಲ, ಎದ್ದು ಅತ್ತ ಹೋದೆ.