ಅಬ್ಬಿ ನೀರು ಕುಡಿದ ಬ್ಯಾಟರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದಿಳಿದ ವೀರಮ್ಮ ಬ್ಯಾಟರಿಗೆ ಹೊಯ್ಯುವ ಶುದ್ಧೀಕರಿಸಿದ ನೀರಿನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಹಳ್ಳದ ಮೇಲಿನ ಕಾಲುಸಂಕ ದಾಟುತ್ತಾರೆ. ಅದರಾಚೆಗೆ ಕರೆಂಟ್ ಕಂಬಗಳಿಲ್ಲ. ವೆಂಕಟಯ್ಯನವರ ಮನೆಯ ಹಿಂಕೋಣೆಯಲ್ಲಿ ಹಲಗೆಯ ಮೇಲೆ ಕೂತ ನಾಲ್ಕು ಬ್ಯಾಟರಿಗಳೇ ಆ ಮನೆಯ ಕರೆಂಟು. ಸೋಲಾರ್ ಹಗಲಿಡೀ ತುಂಬಿದ್ದನ್ನು ಅವು ರಾತ್ರಿ ಕೊಡಬೇಕು. ಈಗ ಕೊಡುತ್ತಿಲ್ಲ.

ದೀಪ ಆರಿದರೆ ಹೇಗೋ ಆದೀತು. ಆದರೆ ಎಂಬತ್ತರ ಸಮೀಪದ ವೆಂಕಟಯ್ಯನವರಿಗೆ ಉಬ್ಬಸ. ಉಸಿರು ಕಟ್ಟಿದಾಗ ಔಷಧಿಯನ್ನು ಹಬೆಯಾಗಿಸಿ ಕೊಡುವ ಮೆಷಿನ್ ಓಡಲೇಬೇಕು. ನಿನ್ನೆ ರಾತ್ರಿ ಅದು ಅರ್ಧಕ್ಕೇ ನಿಂತಿದೆ. ಸೊಸೆ ವನಮಾಲಾ ಬೆಳಗಿನವರೆಗೆ ಮಾವನ ಬೆನ್ನು ನೀವುತ್ತ ಕೂತಿದ್ದಾರೆ.

ವೀರಮ್ಮ ಮುಚ್ಚಳ ಬಿಚ್ಚಿ, ಆಸಿಡ್ಡಿನ ಸತ್ವ ಅಳೆಯುವ ಗಾಜಿನ ನಳಿಗೆಯನ್ನು ಇಳಿಸುತ್ತಾರೆ. ಮೂರು ಬ್ಯಾಟರಿ ಪರವಾಗಿಲ್ಲ. ನಾಲ್ಕನೆಯದರಲ್ಲಿ ಸತ್ವವೇ ಉಳಿದಿಲ್ಲ, ನಳಿಗೆಯೊಳಗಿನ ಗಾಜಿನ ಬುರುಡೆ ತೇಲುವುದೇ ಇಲ್ಲ.

"ವನಮಾಲಕ್ಕ, ಇದಕ್ಕೆ ಎಂತ ಹಾಕಿದ್ರಿ?"

ವನಮಾಲಾ ಮಾವನ ಕಡೆ ನೋಡುತ್ತಾರೆ. ಮನೆಯಲ್ಲಿಟ್ಟ ಕ್ಯಾನ್ ಖಾಲಿಯಾದಾಗಲೆಲ್ಲ ಗುಡ್ಡದಿಂದ ಇಳಿಯುವ ಅಬ್ಬಿ ನೀರನ್ನು ಬಟ್ಟೆಯಲ್ಲಿ ಸೋಸಿ, ಕೈಗೆಟುಕುವ ಈ ಒಂದಕ್ಕೆ ಹೊಯ್ಯುತ್ತ ಬಂದವರು ವೆಂಕಟಯ್ಯನವರೇ.

"ದೇವರ ಅಭಿಷೇಕಕ್ಕೆ ಆಗುವ ನೀರು ಮಾರಾಯ್ತಿ, ಬ್ಯಾಟರಿಗೆ ಆಗುದಿಲ್ವ?"

"ದೇವ್ರು ಸಹಿಸ್ಕೊಳ್ತಾನೆ ಅಯ್ಯ, ಇದು ಸಹಿಸಲ್ಲ. ನೀರಲ್ಲಿರೋ ಮಣ್ಣಿನ ಸಾರ ಒಳಗಿನ ಪ್ಲೇಟನ್ನ ತಿಂದು ಹಾಕತ್ತೆ."

ಈ ತಪ್ಪು ಈ ಭಾಗಕ್ಕೆ ಹೊಸದಲ್ಲ. ಮನೆ ಬಾಗಿಲಿಗೇ ಇಳಿದು ಬರುವ ನೀರಿಗಿಂತ ಶುದ್ಧವಾದದ್ದು ಅಂಗಡಿಯ ಕ್ಯಾನಿನಲ್ಲಿರುತ್ತದೆಂದರೆ ಇಲ್ಲಿಯವರಿಗೆ ಸುಲಭಕ್ಕೆ ಒಪ್ಪಿಗೆಯಾಗದು.

ವೀರಮ್ಮನಿಗೆ ಈ ಕೆಲಸ ಅಂಟಿದ್ದು ಬಾಳಗಡಿಯಲ್ಲಿ. ಗಂಡ ವಾಸಪ್ಪ ಅಲ್ಲಿ ಜೀಪಿನ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಅವರ ಸೊಂಟ ಕೈಕೊಟ್ಟ ಮೇಲೆ ಅಂಗಡಿಯ ಭಾರ ಹೆಂಡತಿಯ ಹೆಗಲಿಗೆ ಬಂತು. ಆಸಿಡ್ ಸಿಡಿದು ತೂತಾದ ಸೀರೆ ಕಂಡು "ಇಲಿ ಕಡಿದ ಸೀರೆ ವೀರಮ್ಮ" ಎಂದು ನಕ್ಕವರುಂಟು.

"ಹೆಂಗಸು ಮುಟ್ಟಿದ್ರೆ ಬ್ಯಾಟರಿ ಕೆಡತ್ತೆ ಅಂದೋರೂ ಇದ್ರು. ಈಗ ಫೋನ್ ಮಾಡೋದೂ ಅವ್ರೇ!" ಎಂದು ಇವರೂ ನಗುತ್ತಾರೆ.

ಭಂಡಿಗಡಿಯಿಂದ ಹಿಡಿದು ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರೆಗೆ, ಕರೆಂಟ್ ಲೈನ್ ಹೋಗದ ನಲವತ್ತಕ್ಕೂ ಹೆಚ್ಚು ಮನೆಗಳ ಬ್ಯಾಟರಿಗಳು ಇವರ ಕೈಯಲ್ಲಿವೆ. ನೀರು ತುಂಬುವುದು, ಕಿಲುಬು ಕೆರೆಯುವುದು, ಗ್ರೀಸ್ ಸವರುವುದು. ನೋಡುವವರ ಕಣ್ಣಿಗೆ ಸಣ್ಣ ಕೆಲಸ.

ಕೆಟ್ಟ ಬ್ಯಾಟರಿಯೊಂದು ಜೊತೆಗಿದ್ದರೆ ಉಳಿದ ಮೂರನ್ನೂ ಬರಿದು ಮಾಡುತ್ತದೆ. ವೀರಮ್ಮ ಅದರ ವೈರ್ ಬಿಚ್ಚಿ ಹೊರಗೆಳೆಯುತ್ತಾರೆ.

"ಹೊಸದು ಬರೋವರೆಗೆ ಮಿಕ್ಸಿ, ಟೀವಿ ಬೇಡ. ಬರೀ ಮೆಷಿನ್ನು, ಒಂದು ಲೈಟು."

ಕೆಲಸ ಮುಗಿದರೂ ಹೊರಡುವುದಿಲ್ಲ. ಮಧ್ಯಾಹ್ನದ ಬಿಸಿಲು ಬ್ಯಾಟರಿ ತುಂಬುವುದನ್ನು ನೋಡುತ್ತ ಕೂರುತ್ತಾರೆ. ವಾಪಸ್ ಜೀಪೂ ಹೊರಟುಹೋಗುತ್ತದೆ. "ಹೇಳಿ ಹೋದ್ರೆ ಆಗಲ್ಲ. ಓಡಿದ್ದನ್ನ ಕಣ್ಣಾರೆ ನೋಡ್ಬೇಕು."

ಮುಸ್ಸಂಜೆಗೆ ವೆಂಕಟಯ್ಯನವರ ಎದೆ ಗೊರಗುಟ್ಟತೊಡಗುತ್ತದೆ. ವನಮಾಲಾ ಸ್ವಿಚ್ ಒತ್ತುತ್ತಾರೆ. ಮೆಷಿನ್ ಗುಂಯ್ ಎನ್ನುತ್ತದೆ. ವೀರಮ್ಮನ ಕಣ್ಣು ಬ್ಯಾಟರಿಯ ಚಾರ್ಜ್ ತೋರಿಸುವ ಮೀಟರಿನ ಮುಳ್ಳಿನ ಮೇಲೆ. ಔಷಧಿ ಕೊನೆಯ ಹನಿಯವರೆಗೆ ಹಬೆಯಾಗಿ ಮುಗಿಯುತ್ತದೆ, ಮುಳ್ಳು ಜಗ್ಗುವುದಿಲ್ಲ.

ಮಾಸ್ಕ್ ತೆಗೆದ ಮುದುಕರು ಎದೆ ತುಂಬ ಉಸಿರೆಳೆದು, "ಊಟ ಮಾಡಿ ಇಲ್ಲೇ ಮಲಗು ಮಾರಾಯ್ತಿ. ನಿನ್ನ ಜೀಪು ತಪ್ಪಿಸಿದ್ದು ನನ್ನ ಗೂರಲು ಅಲ್ವ?" ಎನ್ನುತ್ತಾರೆ.

ಈ ಕೆಲಸದಿಂದ ನಿಮಗೆ ಇನ್ನೇನು ಬೇಕು ಎಂದು ವನಮಾಲಾ ಕೇಳಿದರೆ ವೀರಮ್ಮ ಕೈ ಒರೆಸಿಕೊಳ್ಳುತ್ತಾರೆ.

"ನಾನು ನೋಡ್ಕೊಳ್ಳೋ ಮನೇಲಿ, ಕತ್ತಲಾಗ್ತಾ ಬಂತು ಅಂತ ಯಾರೂ ಹೆದರಬಾರ್ದು. ಅಷ್ಟೆ."