ಶಾಂತಾಬಾಯಿಯ ಹೊಲಕ್ಕೆ ಚರಗ

ಗೋವಾದ ಸಾಂಖಳಿಯ ಸಂತೆಯಲ್ಲಿ ಮೊದಲ ಸಲ ಸೊಪ್ಪು ಕೇಳಿದಾಗ ಮಾರುವ ಹೆಂಗಸು ಬೀಟ್‌ರೂಟ್ ಬಣ್ಣದ ಒಂದು ಕಟ್ಟು ಎತ್ತಿ ನನ್ನ ಕೈಗಿಟ್ಟಳು. ತಾಂಬಡಿ ಭಾಜಿ, ಅಂದರೆ ಕೆಂಪು ಸೊಪ್ಪು. ಬೇಯಿಸಿ ಬಡಿಸಿದರೆ ಅನ್ನವೆಲ್ಲ ಕೆಂಪು. ನಮ್ಮ ಮನೆಯವರು ತಟ್ಟೆ ನೋಡಿ ಬೆಚ್ಚಿದರು. ನಮ್ಮ ಬಿಜಾಪುರದ ಕಡೆ ಪಲ್ಯಕ್ಕೆ ಶೇಂಗಾ ಪುಡಿ, ಗುರೆಳ್ಳು ಪುಡಿ. ಇಲ್ಲಿ ಎಲ್ಲದಕ್ಕೂ ಸೊಯ್, ಅಂದರೆ ತುರಿದ ತೆಂಗಿನಕಾಯಿ. ನಮ್ಮವರಿಗೆ ಗಣಿ ಕಂಪನಿಯ ಕಚೇರಿಯಲ್ಲಿ ಕೆಲಸ. ನನಗೆ ದಿನವಿಡೀ ಮಾತಿಗೆ ಗೋಡೆಗಳೇ ಗತಿ.

ಎಳ್ಳ ಅಮವಾಸ್ಯೆ ಬಂದಾಗ ಮಾತ್ರ ಜೀವ ತಡೆಯಲಿಲ್ಲ. ನಮ್ಮ ಕಡೆ ಅಂದು ಬುಟ್ಟಿ ತುಂಬ ಅಡಿಗೆ ಹೊಲಕ್ಕೆ ಹೋಗುತ್ತದೆ. ಪೈರು ಹೊತ್ತ ಭೂತಾಯಿ ಬಸುರಿ. ಅವಳಿಗೆ ಬಯಕೆಯ ಊಟ. ರೊಟ್ಟಿ, ಪಲ್ಯ ಎಲ್ಲ ಕಲಸಿ ಹೊಲದ ತುಂಬ ಎರಚಿದ ಮೇಲೆ ನಾವು ಉಣ್ಣಬೇಕು. ಅದೇ ಚರಗ. ಮೊದಲ ವರ್ಷ ಹೊಲವಿಲ್ಲದೆ ಅಡಿಗೆಮನೆಯಲ್ಲೇ ಉಂಡೆವು. ಹೊಟ್ಟೆ ತುಂಬಿತು, ಹಬ್ಬ ಆಗಲಿಲ್ಲ.

ಮರುವರ್ಷ, ನಮ್ಮ ಬಾಡಿಗೆ ಮನೆಯ ಹಿಂದೆ ಮಾಲಕಿ ಶಾಂತಾಬಾಯಿಯ ಹೊಲದಲ್ಲಿ ಭತ್ತ ಕೊಯ್ದ ಮೇಲೆ ಬಿತ್ತಿದ ಅಳಸಂಡೆ ಆಗತಾನೇ ಎಲೆ ಬಿಟ್ಟಿತ್ತು. ಅಲ್ಲಿಯೇ ಚರಗ ಚೆಲ್ಲುತ್ತೇನೆ ಎಂದೆ.

"ಮಂದಿ ಹೊಲದಾಗ ಅನ್ನಾ ಚೆಲ್ಲಿದ್ರ ಮಾಟಾ ಮಾಡಾಕತ್ತಾರ ಅಂತಾರ. ಮನಿ ಬಿಡಸ್ತಾರ ನೋಡು," ಎಂದರು ನಮ್ಮವರು.

ಅವರ ಮಾತು ಸುಳ್ಳಲ್ಲ. ನಾವು ಘಾಟಿಗಳು, ಘಟ್ಟದ ಮೇಲಿನವರು. ಇಲ್ಲಿ ಆ ಮಾತನ್ನು ಯಾರೂ ಪ್ರೀತಿಯಿಂದ ಹೇಳುವುದಿಲ್ಲ. ಈ ಮನೆ ಹೋದರೆ ಇನ್ನೊಂದು ಸಿಗುವುದು ಕಷ್ಟ.

ಆದರೂ ಎಣ್ಣೆಗಾಯಿ, ಕಾಳು ಪಲ್ಯ ಮಾಡಿದೆ. ಹುಳಿಯ ಪುಂಡಿ ಸೊಪ್ಪು ಸಿಗಲಿಲ್ಲ, ತಾಂಬಡಿ ಭಾಜಿಗೇ ಹುಣಸೆಹುಳಿ ಹಿಂಡಿ, ಶೇಂಗಾ ಪುಡಿ ಹಾಕಿದೆ. ಮಧ್ಯಾಹ್ನ ಓಣಿಯೆಲ್ಲ ಮಲಗಿದ ಹೊತ್ತಿಗೆ ಬೇಲಿ ದಾಟಿದೆ. ಎರಡು ಹಿಡಿ ಎರಚಿದ್ದೆನೋ ಇಲ್ಲವೋ.

"ಕಿತೆಂ ಕರ್ತಾ ಗೋ?" ಏನು ಮಾಡುತ್ತಿದ್ದೀಯೇ ಎನ್ನುತ್ತ ಶಾಂತಾಬಾಯಿ ಬದುವಿನ ಮೇಲೆ ನಿಂತಿದ್ದರು.

ಗೊತ್ತಿದ್ದ ಕೊಂಕಣಿಯನ್ನೆಲ್ಲ ಕೂಡಿಸಿ ಹೇಳಿದೆ: "ಭುಂಯ್ ಗುರ್ವಾರ್. ತಿಕಾ ಜೆವಣ್." ಭೂಮಿ ಬಸುರಿ, ಅವಳಿಗೆ ಊಟ.

ಅವರು ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. "ಗುರ್ವಾರ್ ಬಾಯ್ಲೆಕ್ ಕೋಣ್ ಚೋರುನ್ ಜೆವಣ್ ದಿತಾ ಗೋ?" ಎಂದರು. ಬಸುರಿಗೆ ಯಾರಾದರೂ ಕದ್ದು ಉಣಿಸುತ್ತಾರಾ ಎಂದು ಕೇಳಿದ್ದು ಎಂಬುದು ನನಗೆ ನಿಧಾನವಾಗಿ ತಿಳಿಯಿತು.

ಚಪ್ಪಲಿ ಕಳಚಿ ಹೊಲಕ್ಕಿಳಿದರು. ಬುಟ್ಟಿಗೆ ತಾವೂ ಒಂದು ಕೈ ಹಚ್ಚಿ, ಒಂದು ಮೂಲೆಯನ್ನೂ ಬಿಡದೆ ಎರಚಿಸಿದರು. ಆಮೇಲೆ ಬದುವಿನ ಮೇಲೆ ಕುಳಿತು ಪಲ್ಯದ ರುಚಿ ನೋಡಿ, "ಸೊಯ್ ಘಾಲುಂಕ್ ನಾ?" ಕಾಯಿ ಹಾಕಿಲ್ಲವೇ ಎಂದು ಮೂಗು ಮುರಿದರು, ಮುರಿದ ಮೂಗಿನಲ್ಲೇ ಇನ್ನೊಮ್ಮೆ ಹಾಕಿಸಿಕೊಂಡರು. ನನಗೆ ಅಳು ಬಂತು. ಈ ಊರಿನಲ್ಲಿ ನನ್ನನ್ನು ಮೊದಲು ಕೈಹಿಡಿದವರು ಅವರು. ಆ ಋಣ ದೊಡ್ಡದು.

ಅಂದಿನಿಂದ ಪ್ರತಿ ವರ್ಷ ಅವರು ಮಾಡಿದ ಸೊಯ್ ಹಾಕಿದ ಪಲ್ಯವೂ ನಮ್ಮ ಬುಟ್ಟಿಗೆ ಸೇರುತ್ತದೆ. ಈ ವರ್ಷ ಅಣ್ಣ ಬಿಜಾಪುರದಿಂದ ಫೋನ್ ಮಾಡಿದ. "ಈ ಸಲಾ ಚರಗಾ ಚೆಲ್ಲಾಕ ಊರಿಗೆ ಬಾ ತಂಗಿ. ಭಾಳ ವರ್ಷ ಆತು."

ಜೀವ ಊರಿನತ್ತ ಹಾರಿತು. ಬಟ್ಟೆ ಮಡಚುತ್ತಿದ್ದೆ, ಶಾಂತಾಬಾಯಿ ಬಾಗಿಲಲ್ಲಿ ನಿಂತು ಕೇಳಿದರು: "ಮ್ಹಜ್ಯಾ ಶೆತಾಕ್ ಜೆವಣ್ ಕೋಣ್ ದಿತಲೊ?" ನನ್ನ ಹೊಲಕ್ಕೆ ಊಟ ಯಾರು ಕೊಡುತ್ತಾರೆ?

ಆ ಹೊಲ ಅಣ್ಣನದು, ಈ ಹೊಲ ಇವರದು. ನನ್ನ ಹೆಸರಿಗೆ ಎಲ್ಲಿಯೂ ಒಂದು ಗುಂಟೆ ಇಲ್ಲ. ಆದರೆ ಎರಡೂ ಹೊಲ ಊಟಕ್ಕೆ ನನ್ನ ದಾರಿ ನೋಡುತ್ತಿವೆ. ನಾನು ಅರ್ಧ ತುಂಬಿದ ಚೀಲದ ಮುಂದೆ ಕುಳಿತಿದ್ದೇನೆ.